ಓಟಕ್ಕೊಂದು ಜೊತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಎರಡು ತಿಂಗಳಿಂದ ಬೆಳಿಗ್ಗೆ ಓಡುತ್ತಿದ್ದೇನೆ. ನಡುನಡುವೆ ನಡೆದು ಮೂರು ಕಿಲೋಮೀಟರ್ ಮುಗಿಸುತ್ತೇನೆ. ಒಬ್ಬಳೇ ಹೋಗುವುದು ಮನೆಯವರಿಗೆ ಇಷ್ಟವಿಲ್ಲ. ಬಡಾವಣೆಯಲ್ಲೇ ಜೊತೆ ಹುಡುಕುವುದು ಹೇಗೆ?
— ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ನಿಮ್ಮಷ್ಟೇ ವೇಗದವರನ್ನು ಹುಡುಕುತ್ತಾ ಕೂರಬೇಡಿ. ನಿಮ್ಮ ಹೊತ್ತಿಗೇ ಮನೆ ಬಿಡುವವರು ಸಿಕ್ಕರೆ ಸಾಕು. ವೇಗದ ಹೆಚ್ಚುಕಡಿಮೆಯನ್ನು ಸರಿದೂಗಿಸಲು ದಾರಿಯಿದೆ. ಐದೂವರೆಯವರಿಗೂ ಆರೂವರೆಯವರಿಗೂ ಹೊಂದಿಸುವ ದಾರಿ ಮಾತ್ರ ಇಲ್ಲ. ಸೇರುವ ಜಾಗವೂ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿರಲಿ. ಸ್ಕೂಟರ್ ತೆಗೆದು ಹೋಗಬೇಕಾದ ಜಾಗವಾದರೆ ಮಳೆಗಾಲದ ಮೊದಲ ವಾರವೇ ತಪ್ಪಿಹೋಗುತ್ತದೆ.

ಫ್ರೀಡಂ ಪಾರ್ಕ್, ನೆಹರು ಕ್ರೀಡಾಂಗಣ, ಇಲ್ಲವೇ ನಿಮ್ಮದೇ ಬಡಾವಣೆಯ ಪಾರ್ಕ್, ಯಾವುದಾದರೂ ಒಂದನ್ನು ಹಿಡಿಯಿರಿ. ಎರಡು ವಾರ ಸೋಮವಾರ, ಬುಧವಾರ, ಶುಕ್ರವಾರ ಅದೇ ಗೇಟಿನಿಂದ, ಅದೇ ಹೊತ್ತಿಗೆ ಒಳಗೆ ಹೋಗಿ. ಅಷ್ಟರಲ್ಲಿ ದಿನಾ ಬರುವ ಮುಖಗಳು ಗುರುತಾಗಿರುತ್ತವೆ. ಓಡುವವರನ್ನಷ್ಟೇ ನೋಡಬೇಡಿ, ಬಿರುಸಾಗಿ ನಡೆಯುವ ಹೆಂಗಸರನ್ನೂ ಗಮನಿಸಿ. ಬಿರುಸು ನಡಿಗೆಯಲ್ಲಿ ಒಂದು ಕಿಲೋಮೀಟರಿಗೆ ಹತ್ತು ನಿಮಿಷ ಹಿಡಿಯುತ್ತದೆ, ನಡೆಯುತ್ತಾ ಓಡುವ ನಿಮಗೆ ಎಂಟೋ ಒಂಬತ್ತೋ. ಅವರು ಒಂದಿಷ್ಟು ಓಡಿದರೆ ನಿಮ್ಮ ಜೊತೆ ಸರಿಹೋಗುತ್ತದೆ. ಪೊಲೀಸ್, ಸೇನೆ ನೇಮಕಾತಿಗೆ 1600 ಮೀಟರ್ ಓಡಿ ತಯಾರಾಗುವ ಹುಡುಗರ ವೇಗವೇ ಬೇರೆ, ಅವರ ಹಿಂದೆ ಬಿದ್ದರೆ ಎರಡೇ ದಿನಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಮಾತು ಚಿಕ್ಕದಾಗಿರಲಿ: "ಅಕ್ಕಾ, ದಿನಾ ಇದೇ ಹೊತ್ತಿಗೆ ಬರ್ತೀರಲ್ಲ, ಶುಕ್ರವಾರ ಎರಡು ಸುತ್ತು ನಿಮ್ಮ ಜೊತೆ ಬರ್ಲಾ?" ಒಂದು ದಿನದ ಮಾತಾದ್ದರಿಂದ ಒಪ್ಪಲೂ ಸುಲಭ, ಒಲ್ಲೆ ಎನ್ನಲೂ ಸುಲಭ.

ಹೀಗೆ ಯಾರೂ ಸಿಗದಿದ್ದರೆ ಹಾಲಿನ ಬೂತಿನಲ್ಲೋ ಮೆಡಿಕಲ್ ಶಾಪಿನಲ್ಲೋ ಕೇಳಿ ಒಂದು ಚೀಟಿ ಅಂಟಿಸಿ. "ಓಟಕ್ಕೆ ಜೊತೆ ಬೇಕು" ಎಂದಷ್ಟೇ ಬರೆದರೆ ಯಾರೂ ಬರುವುದಿಲ್ಲ, ತಮ್ಮ ಕೈಲಾಗುತ್ತದೋ ಇಲ್ಲವೋ ಎಂದು ಓದಿದವರಿಗೆ ತಿಳಿಯಬೇಕು. ಹೀಗೆ ಬರೆಯಿರಿ: "ಸೋಮ, ಬುಧ, ಶುಕ್ರ. ಬೆಳಿಗ್ಗೆ 6.00. 3 ಕಿ.ಮೀ. ಒಂದು ಕಿ.ಮೀ.ಗೆ 8–9 ನಿಮಿಷ, ನಡುವೆ ನಡಿಗೆಯೂ ಉಂಟು. ಹೆಂಗಸರಿಗೆ ಮಾತ್ರ. ಆಸಕ್ತರು ಅಂಗಡಿಯಲ್ಲಿ ಹೆಸರು ಹೇಳಿ." ಫೋನ್ ನಂಬರು, ಮನೆ ವಿಳಾಸ, ನೀವು ಓಡುವ ದಾರಿ, ಮೂರನ್ನೂ ಬರೆಯಬೇಡಿ.

ಹೊಸಬರ ಜೊತೆ ಮೊದಲ ಮೂರು ಸಲ ಜನ ಓಡಾಡುವ ಪಾರ್ಕಿನೊಳಗೇ ಓಡಿ, ಇಪ್ಪತ್ತು ನಿಮಿಷ ಸಾಕು. ಮನೆ ತೋರಿಸುವ ಅವಸರ ಬೇಡ. ಯಾರ ಜೊತೆ, ಎಲ್ಲಿ, ಎಷ್ಟು ಹೊತ್ತಿಗೆ ವಾಪಸು ಎಂಬುದು ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲು ದಾಟಿದ ಮೇಲೆ. ಬೇಸಿಗೆಯಲ್ಲಿ ಒಪ್ಪಿಕೊಂಡ ವೇಳೆಯನ್ನು ಚಳಿಗಾಲಕ್ಕೆ ಅರ್ಧ ಗಂಟೆ ಮುಂದೆ ಹಾಕಿಕೊಳ್ಳಿ.

ಪ್ರಶ್ನೆ: ಗೆಳೆಯ ಒಂದು ಕಿಲೋಮೀಟರನ್ನು ಆರು ನಿಮಿಷಕ್ಕೆ ಓಡುತ್ತಾನೆ, ನನಗೆ ಏಳೂವರೆ ಬೇಕು. ಅವನ ಜೊತೆ ಹೋದ ದಿನ ನನಗೆ ಏದುಸಿರು, ನನಗಾಗಿ ನಿಧಾನಿಸಿದ ದಿನ ಅವನಿಗೆ ಬೇಜಾರು.
— ಓದುಗರೊಬ್ಬರು, ಗೋಪಾಳ, ಶಿವಮೊಗ್ಗ

ಉತ್ತರ: ದೂರ ನೋಡಿ ತಿರುಗಬೇಡಿ, ಗಡಿಯಾರ ನೋಡಿ ತಿರುಗಿ. ಇಬ್ಬರೂ ಒಂದೇ ಜಾಗದಿಂದ ಹೊರಟು ಅವರವರ ವೇಗದಲ್ಲಿ ಓಡಿ, ಸರಿಯಾಗಿ 15ನೇ ನಿಮಿಷಕ್ಕೆ ಎಲ್ಲಿದ್ದೀರೋ ಅಲ್ಲೇ ಹಿಂತಿರುಗಿ. ಆ ಹೊತ್ತಿಗೆ ಅವರು ಎರಡೂವರೆ ಕಿಲೋಮೀಟರ್ ಹೋಗಿರುತ್ತಾರೆ, ನೀವು ಎರಡು. ಬರುವಾಗ ಅವರು ಹಿಂದಿನಿಂದ ಹತ್ತಿರವಾಗುತ್ತಾ ಬಂದು 30ನೇ ನಿಮಿಷಕ್ಕೆ ಹೊರಟ ಜಾಗದಲ್ಲೇ ನಿಮ್ಮನ್ನು ಸೇರುತ್ತಾರೆ. ಅವರು ಮೊದಲೇ ನಿಮ್ಮನ್ನು ದಾಟಿದರೆ ಒಂದೋ ಅವರು ಬರುವಾಗ ಜೋರು ಮಾಡಿದ್ದಾರೆ, ಇಲ್ಲವೇ ನೀವು ಹೋಗುವಾಗಲೇ ದಮ್ಮು ಖರ್ಚು ಮಾಡಿಕೊಂಡಿದ್ದೀರಿ. ಎರಡನೆಯದೇ ಹೆಚ್ಚು.

400 ಮೀಟರ್ ಟ್ರ್ಯಾಕಿನಲ್ಲಾದರೆ ಅವರ ಒಂದು ಸುತ್ತಿಗೆ 2 ನಿಮಿಷ 24 ಸೆಕೆಂಡ್, ನಿಮ್ಮದಕ್ಕೆ 3 ನಿಮಿಷ. 12 ನಿಮಿಷಕ್ಕೊಮ್ಮೆ, ಅವರ ಐದನೇ ಸುತ್ತು ಮುಗಿಯುವಾಗ ನಿಮ್ಮ ನಾಲ್ಕನೆಯದು ಮುಗಿಯುತ್ತದೆ. ಅಲ್ಲಿ ಒಂದು ನಿಮಿಷ ಜೊತೆಗೆ ನಡೆದು ಮತ್ತೆ ಶುರು ಮಾಡಿ. ಈ ಲೆಕ್ಕ ಒಳಗಿನ ಲೇನಿನದು. ಎರಡನೇ ಲೇನಿಗೇ ಸುತ್ತಿಗೆ ಏಳು ಮೀಟರ್ ಹೆಚ್ಚಾಗುತ್ತದೆ.

ವಾರಕ್ಕೊಂದು ದಿನ ಮಾತ್ರ ಪೂರ್ತಿ ಜೊತೆಗೇ ಓಡಿ, ಅಂದು ನಿಧಾನದವರದ್ದೇ ವೇಗ. ನೀವು ಒಂದು ಇಡೀ ವಾಕ್ಯವನ್ನು ತಡೆಯದೆ ಹೇಳಲು ಆಗುತ್ತಿದ್ದರೆ ವೇಗ ಸರಿಯಿದೆ. ಈ ಹಗುರ ಓಟ ಜೋರಾಗಿ ಓಡುವವರಿಗೂ ಬೇಕು.

ಪ್ರಶ್ನೆ: ನಮ್ಮೂರಲ್ಲಿ ಮನೆಯಿಂದ ಮನೆಗೆ ಅರ್ಧ ಮೈಲಿ. ಜೊತೆಗೆ ಬರಲು ಒಪ್ಪಿದ್ದ ಪಕ್ಕದ ತೋಟದವರು ಮಳೆ ಹಿಡಿದ ಮೇಲೆ ನಾಪತ್ತೆ. ಏನು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆರಿದ್ರೆಯಿಂದ ಪುಷ್ಯ ಮುಗಿಯುವವರೆಗೆ ದಿನಾ ಓಡುತ್ತೇವೆಂಬ ಹಟ ಬೇಡ. ವಾರಕ್ಕೆ ಎರಡು ದಿನ ಎಂದು ಮೊದಲೇ ಮಾತಾಡಿಕೊಳ್ಳಿ. ಅಡಿಕೆ ಕೊಯ್ಲಿನಲ್ಲೂ ಹಾಗೆಯೇ. ಬಿಡುವು ಮೊದಲೇ ಗೊತ್ತಿದ್ದರೆ ಯಾರಿಗೂ ಮುಖ ತಪ್ಪಿಸಿಕೊಂಡು ತಿರುಗುವ ಕಷ್ಟ ಇರುವುದಿಲ್ಲ. ಬರಲಾಗದಿದ್ದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ತಿಳಿಸುವುದು, ತಿಳಿಸದಿದ್ದರೆ ಐದು ನಿಮಿಷ ಕಾದು ಇನ್ನೊಬ್ಬರು ಹೊರಡುವುದು, ಆಮೇಲೆ ಆ ಮಾತೇ ಎತ್ತದಿರುವುದು. ಈ ಮೂರಕ್ಕೆ ಇಬ್ಬರೂ ಒಪ್ಪಿದರೆ ಜೊತೆ ಮುರಿಯುವುದು ಕಡಿಮೆ.

ಅವರು ಬಾರದಿರಲು ಒದ್ದೆ ಬೂಟೇ ಕಾರಣವಿರಬಹುದು. ಬೂಟಿನೊಳಗಿನ ಅಟ್ಟೆ ಹೊರಗೆ ತೆಗೆದು, ಹಳೆ ಪೇಪರ್ ಮುದ್ದೆ ಮಾಡಿ ತುದಿಯವರೆಗೂ ತುರುಕಿ, ಎರಡು ಗಂಟೆ ಬಿಟ್ಟು ಬದಲಾಯಿಸಿ, ಗಾಳಿಯಾಡುವ ಕಡೆ ಮಗುಚಿಡಿ. ಬಚ್ಚಲೊಲೆಯ ಮುಂದೆ ಇಡಬೇಡಿ, ಬಿಸಿಗೆ ಅಂಟು ಸಡಿಲವಾಗಿ ಅಡಿಭಾಗ ಬಾಯಿ ಬಿಡುತ್ತದೆ.

ರಸ್ತೆಯ ಅಂಚಿನಲ್ಲಿ ಹಾವಸೆ ಕಟ್ಟಿರುತ್ತದೆ, ಜಾರುತ್ತದೆ. ಟಾರಿನ ಮೇಲೇ ಇರಿ. ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ಓಡಿ. ಬಲಕ್ಕೆ ತಿರುಗುವ ಕುರುಡು ತಿರುವು ಬಂದಾಗ ಮಾತ್ರ ಮೊದಲೇ ಎಡಕ್ಕೆ ದಾಟಿಕೊಳ್ಳಿ. ಒಳಬದಿಯಲ್ಲಿದ್ದರೆ ಲಾರಿಯವನಿಗೆ ನೀವು ಕಾಣುವುದಿಲ್ಲ. ಬಿಳಿ ಅಥವಾ ಹಳದಿ ಬಟ್ಟೆ ಇರಲಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಇಬ್ಬರೂ ಒತ್ತಿ ನಿಂತು, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಮಳೆ ಬಿಟ್ಟ ಮೇಲೆ ಕಾಡುದಾರಿಯ ಆಸೆ ಹುಟ್ಟುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ, ಉಣ್ಣೆ ಎಂಬ ರಕ್ತ ಹೀರುವ ಹುಳ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲವೂ ಅದೇ, ಬೇಸಿಗೆ ಕಳೆಯುವವರೆಗೆ ಇರುತ್ತದೆ. ಮಂಗ ಸತ್ತ ಸುದ್ದಿಯಿರುವ ಕಡೆ ಕಾಡಿಗೆ ಇಳಿಯಲೇಬೇಡಿ. ಉಳಿದ ಕಡೆಗೂ ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡೇ ಹೋಗಿ. ವಾಪಸು ಬಂದಾಗ ಒಬ್ಬರ ಕತ್ತಿನ ಹಿಂಭಾಗ, ಕಿವಿಯ ಹಿಂದೆ, ಕೂದಲ ಅಂಚನ್ನು ಇನ್ನೊಬ್ಬರು ನೋಡಿ. ಉಣ್ಣೆ ಸಾಸಿವೆಗಿಂತ ಸಣ್ಣದಿರುತ್ತದೆ, ಒಬ್ಬರೇ ಇದ್ದರೆ ಆ ಜಾಗಗಳು ಕಣ್ಣಿಗೆ ಬೀಳುವುದಿಲ್ಲ.