ನೀವು ಕೇಳಿದ್ದು, ನಾನು ನೋಡಿದ್ದು

ಈ ಸಲ ಬಂದ ಪತ್ರಗಳಲ್ಲಿ ಸಿನಿಮಾ ಪ್ರಶ್ನೆಗಳೇ ಜಾಸ್ತಿ. ನಾನು ವಿಮರ್ಶಕನಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ನೋಡುವವನು. ಇಲ್ಲಿರುವುದೆಲ್ಲ ನನ್ನ ಅನಿಸಿಕೆ. ನಿಮಗೆ ಬೇರೆ ಅನಿಸಿದರೆ ಖಂಡಿತ ಬರೆಯಿರಿ.

2025ರ ಕನ್ನಡ ಸಿನಿಮಾಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು? ಒಂದೇ ಹೆಸರು ಹೇಳಬೇಕು.
ಓದುಗರು, ಹಾಸನ

‘ಸು ಫ್ರಮ್ ಸೋ’. ಯೋಚನೆ ಮಾಡಬೇಕಾಗಿಯೇ ಇಲ್ಲ.

ಜುಲೈ 25ಕ್ಕೆ ಬಂತು. ಕಟೌಟ್ ನಿಲ್ಲಿಸುವಂಥ ಹೀರೊ ಇಲ್ಲ, ಫೈಟ್ ಇಲ್ಲ. ಜೆ.ಪಿ. ತುಮಿನಾಡ್ ತಾವೇ ನಿರ್ದೇಶನ ಮಾಡಿ ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಕರಾವಳಿಯ ಒಂದು ಹಳ್ಳಿ. ಅಲ್ಲಿ ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬಿಬಿಡುತ್ತದೆ. ಸಿನಿಮಾದ ಹೆಸರು ಅಲ್ಲಿಂದಲೇ ಬಂದದ್ದು. ಕತೆ ಅಂತ ಹೇಳಿದರೆ ಇಷ್ಟೇ, ಆದರೆ ಆ ಊರಿನವರು ಒಬ್ಬರಿಗೊಬ್ಬರು ಮಾತಾಡೋದು ನೋಡಿ! ಯಾರದೋ ಮನೆಯಲ್ಲಿ ಏನೋ ಆದರೆ ಕೆಲಸ ಬಿಟ್ಟು ಓಡಿ ಬರೋದು, ಬಂದ ಮೇಲೆ ತಲೆಗೊಂದು ಸಲಹೆ ಕೊಡೋದು, ಕಷ್ಟ ಅಂದಾಗ ರವಿ ಅಣ್ಣನ ಮುಖ ನೋಡೋದು. ನಾನು ಮಂಡ್ಯ ಕಡೆಯವನು. ನಮ್ಮೂರಲ್ಲೂ ಒಬ್ಬ ರವಿ ಅಣ್ಣ ಇದ್ದಾರೆ, ಹೆಸರು ಮಾತ್ರ ಬೇರೆ.

ನಾನು ಮೈಸೂರಲ್ಲಿ ಭಾನುವಾರ ಸಂಜೆ ಆಟಕ್ಕೆ ಹೋಗಿದ್ದೆ. ನನ್ನ ಹಿಂದಿನ ಸಾಲಲ್ಲಿ ಒಬ್ಬ ಅಜ್ಜಿ, ಮೊಮ್ಮಗಳ ಜೊತೆ ಬಂದಿದ್ದರು. ಪರದೆ ಮೇಲೆ ಬಾವ ಅನ್ನೋ ಪಾತ್ರ ಬಂದಾಗಲೆಲ್ಲ ಅಜ್ಜಿ ಮೊದಲೇ ನಗಲು ಶುರು ಮಾಡೋರು, ಆಮೇಲೆ ಥಿಯೇಟರ್ ನಗೋದು. ಎರಡನೇ ಅರ್ಧದಲ್ಲಿ ಸುಲೋಚನಾಳ ಮಗಳ ಕಷ್ಟ ಬಂದಾಗ ಅದೇ ಅಜ್ಜಿ ಒಂದು ಮಾತೂ ಆಡಲಿಲ್ಲ. ತಿರುಗಿ ನೋಡಿದೆ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅಷ್ಟು ನಗಿಸಿದ ಜನರನ್ನೇ ಇಟ್ಟುಕೊಂಡು ಹೀಗೆ ಸುಮ್ಮನಾಗಿಸೋದು ಸುಲಭ ಅಲ್ಲ. ಕೊನೆಯ ಭಾಗ ಸ್ವಲ್ಪ ಅವಸರವಾಯಿತು ಅನಿಸಿತು, ನಿಜ. ಆದರೂ ಮತ್ತೆ ಹೋಗಿ ನೋಡಿದೆ.

‘ಕಾಂತಾರ ಚಾಪ್ಟರ್ 1’ ಮೊದಲಿನ ಕಾಂತಾರಕ್ಕಿಂತ ಚೆನ್ನಾಗಿದೆ ಅಂತ ನನ್ನ ತಮ್ಮ ವಾದ ಮಾಡ್ತಾನೆ. ನಾನು ಇಲ್ಲ ಅಂತೀನಿ. ನೀವು ಯಾರ ಕಡೆ?
ಪದವಿ ವಿದ್ಯಾರ್ಥಿನಿ, ಶಿರಸಿ

ನಿಮ್ಮ ಕಡೆನೇ. ಆದರೆ ತಮ್ಮನ ಮಾತಲ್ಲೂ ಹುರುಳಿದೆ.

2025ರ ಅಕ್ಟೋಬರ್ 2ರಂದು ಬಂದ ಈ ಸಿನಿಮಾದ ಕೆಲಸ ದೊಡ್ಡದು. ಕದಂಬರ ಕಾಲದ ಕತೆ, ಕಾಡು, ಬಂದರು, ಅರಮನೆ. ರಥ ಹಿಡಿತ ತಪ್ಪಿ ಓಡುವ ದೃಶ್ಯದಲ್ಲಿ ನಾನೂ ಸೀಟಿನ ತುದಿಗೆ ಬಂದಿದ್ದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕೆಲಸ ದೊಡ್ಡ ಪರದೆಯಲ್ಲೇ ನೋಡಬೇಕಾದ್ದು. ರುಕ್ಮಿಣಿ ವಸಂತ್ ಅವರ ಕನಕವತಿ ಬಗ್ಗೆ ಜಾಸ್ತಿ ಹೇಳಿದರೆ ನೋಡದವರಿಗೆ ಅನ್ಯಾಯ ಆಗುತ್ತದೆ. ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ಪ್ರಿಯಾ ಆಗಿದ್ದವರು ಇವರೇನಾ ಅನ್ನಿಸುವಷ್ಟು ಬೇರೆ ಥರ ಮಾಡಿದ್ದಾರೆ ಅಂತ ಮಾತ್ರ ಹೇಳ್ತೀನಿ. ನನಗೆ ತುಂಬಾ ಇಷ್ಟವಾದದ್ದು ಕಾಡಿನ ಜನ ಮೊದಲ ಸಲ ಸಂತೆಗೆ ಬರುವ ಭಾಗ. ತಾವು ಬೆಳೆದ ಸಾಂಬಾರ ಪದಾರ್ಥಕ್ಕೆ ಹೊರಗೆ ಎಷ್ಟು ಬೆಲೆ ಇದೆ ಅಂತ ಅವರಿಗೆ ಗೊತ್ತಾಗುತ್ತದಲ್ಲ, ಅಲ್ಲೇ ಒಂದು ಇಡೀ ಸಿನಿಮಾ ಇದೆ.

ಹಾಗಿದ್ದೂ 2022ರ ಕಾಂತಾರ ನನಗೆ ಹತ್ತಿರ. ಅದರಲ್ಲಿ ಮಗನನ್ನು ಬೈಯ್ಯುತ್ತಲೇ ಇರುವ ಅಮ್ಮ ಇದ್ದಳು. ಕೋಪ ಮಾಡಿಕೊಂಡರೂ ಕಾನೂನು ಬಿಟ್ಟು ಹೋಗದ ಅರಣ್ಯ ಅಧಿಕಾರಿ ಇದ್ದ. ಕಂಬಳದ ಕೆಸರಿತ್ತು. ಜಗಳ ಇದ್ದದ್ದು ಒಂದು ಊರಿನ ಭೂಮಿಗೆ, ಹಾಗಾಗಿ ಯಾರಿಗೆ ಏನು ಹೋಗುತ್ತದೆ ಅಂತ ನಮಗೆ ಗೊತ್ತಿತ್ತು. ಹೊಸದರಲ್ಲಿ ಹೀರೊ ಬೆರ್ಮೆಯ ಜೊತೆಗಿರುವವರು ಸತ್ತಾಗ ನನಗೆ ಅಷ್ಟು ನೋವಾಗಲಿಲ್ಲ. ಅವರ ಪರಿಚಯ ಆಗುವಷ್ಟು ಹೊತ್ತು ಸಿನಿಮಾ ಅವರ ಹತ್ತಿರ ಕೂರಲೇ ಇಲ್ಲ. ಮೊದಲ ಅರ್ಧದ ತಮಾಷೆಯೂ ಆ ಕಾಲಕ್ಕೆ ಹೊಂದಲಿಲ್ಲ. ನನ್ನ ದೂರು ಇಷ್ಟೇ.

‘ಕಾಂತಾರ ಚಾಪ್ಟರ್ 1’ ನೋಡಲು ಕೆಲವರು ಥಿಯೇಟರಿಗೇ ದೈವದ ವೇಷ ಹಾಕಿಕೊಂಡು ಬಂದು ಕುಣಿದರು. ಅಭಿಮಾನ ಅಂತ ಬಿಟ್ಟುಬಿಡಬಹುದಲ್ಲವೇ?
ಓದುಗರು, ತುಮಕೂರು

ಬಿಡಬಾರದು. ಹೀಗೆ ಮಾಡಬೇಡಿ ಅಂತ ಸಿನಿಮಾ ಮಾಡಿದ ಹೊಂಬಾಳೆಯವರೇ ಕೇಳಿಕೊಂಡಿದ್ದರು. ತುಳುನಾಡಿನಲ್ಲಿ ಪಂಬದ, ಪರವ, ನಲಿಕೆ ಸಮುದಾಯದವರು ತಲೆಮಾರುಗಳಿಂದ ದೈವದ ಈ ಸೇವೆ ಮಾಡಿಕೊಂಡು ಬಂದಿದ್ದಾರೆ. ಅದಕ್ಕೆ ವ್ರತ ಇದೆ, ನಿಯಮ ಇದೆ, ದೈವದ ಕತೆ ಹೇಳುವ ಹಾಡು ಪಾಡ್ದನ ಇದೆ. ರಾತ್ರಿಯಿಡೀ ನಡೆಯುವ ಕೋಲವನ್ನು, ಅಂದರೆ ದೈವದ ಆರಾಧನೆಯನ್ನು, ನಾನು ಒಮ್ಮೆ ಮೂಡುಬಿದಿರೆ ಹತ್ತಿರ ನೋಡಿದ್ದೇನೆ. ಬಣ್ಣ ಹಚ್ಚಿಕೊಳ್ಳುವಾಗ ಆ ಮನುಷ್ಯ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸುತ್ತ ಇದ್ದವರೂ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಅದನ್ನು ನೋಡಿದವರು ಇಂಟರ್‌ವಲ್‌ನಲ್ಲಿ ರೀಲ್ಸ್‌ಗೋಸ್ಕರ ಹಾಗೆ ಕುಣಿಯಲಾರರು.

ಎಲ್ಲಾ ಒಳ್ಳೆ ಸಿನಿಮಾ ಕರಾವಳಿಯದ್ದೇ, ಇಲ್ಲಾ ಮಲೆನಾಡಿನದ್ದೇ. ನಮ್ಮ ಕಡೆ ಭಾಷೆ ಬರೀ ನಗಿಸೋಕೆ ಬೇಕೇನ್ರಿ?
ಶಿಕ್ಷಕರು, ಗದಗ

ನಿಮ್ಮ ಪ್ರಶ್ನೆ ಓದಿ ನನಗೆ ನಿಜಕ್ಕೂ ಬೇಜಾರಾಯಿತು, ಯಾಕೆಂದರೆ ನೀವು ಹೇಳಿದ್ದು ಸರಿ. ಧಾರವಾಡದ, ರಾಯಚೂರಿನ ಮಾತು ಅಂದರೆ ಹೀರೊನ ಗೆಳೆಯನಿಗೆ ಕೊಡುವ ಮಾತು ಅಂತಾಗಿಬಿಟ್ಟಿದೆ.

ಆದರೆ 2024ರಲ್ಲಿ ಬಂದ ಉತ್ಸವ್ ಗೋನವಾರ ಅವರ ‘ಫೋಟೋ’ ನೋಡಿದ್ದೀರಾ? ಇಲ್ಲದಿದ್ದರೆ ಹೇಗಾದರೂ ಹುಡುಕಿ ನೋಡಿ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನೋದು ಆ ಕಡೆಯ ಒಬ್ಬ ಹುಡುಗನ ಆಸೆ. ಅಪ್ಪ ಬೆಂಗಳೂರಲ್ಲಿ ಕೂಲಿ ಕೆಲಸ ಮಾಡ್ತಾನೆ. ಹುಡುಗ ಬರೋದಕ್ಕೂ ಲಾಕ್‌ಡೌನ್ ಆಗೋದಕ್ಕೂ ಸರಿಹೋಗುತ್ತದೆ. ಆಮೇಲೆ ಅಪ್ಪ ಮಗ ಇಬ್ಬರೂ ಊರಿನ ಕಡೆ ನಡೆಯುತ್ತಾರೆ. ಅಪ್ಪನಾಗಿ ಮಹಾದೇವ ಹಡಪದ ಇದ್ದಾರೆ. ನಟನೆ ಅಂತ ಅನಿಸೋದೇ ಇಲ್ಲ. ಅಲ್ಲಿ ಯಾರೂ ಆ ಭಾಷೆಯನ್ನು ನಗಿಸೋಕೆ ಬಳಸಿಲ್ಲ. ಹಸಿವು, ಬಿಸಿಲು, ಮಗನನ್ನು ಸಮಾಧಾನ ಮಾಡೋದು, ಎಲ್ಲವೂ ಅದೇ ಮಾತಲ್ಲಿ ಬರುತ್ತದೆ.

ಇಂಥದ್ದು ಬಂದಾಗ ಥಿಯೇಟರಿನಲ್ಲಿ ನಾವು ಇರಲಿಲ್ಲ ಅನ್ನೋದು ನನ್ನನ್ನು ಕಾಡುತ್ತದೆ. ನಾನು ಹೋದ ಆಟಕ್ಕೆ ಹನ್ನೊಂದು ಜನ ಇದ್ದೆವು, ಎಣಿಸಿದ್ದೆ. ಕರಾವಳಿಯ ಸಿನಿಮಾ ಗೆದ್ದದ್ದು ಕರಾವಳಿ ಅನ್ನೋ ಕಾರಣಕ್ಕಲ್ಲ. ಮಾಡಿದವರಿಗೆ ತಮ್ಮ ಊರು ಗೊತ್ತಿತ್ತು, ಆ ಊರಿನವರು ಮೊದಲು ಹೋಗಿ ನೋಡಿದರು, ಆಮೇಲೆ ನಮ್ಮಂಥವರಿಗೆ ಹೇಳಿದರು. ಗದಗ, ಕೊಪ್ಪಳ, ಕಲಬುರಗಿಯಲ್ಲೂ ಹಾಗೆ ಆಗಬೇಕು. ಸರ್, ನೀವು ನಿಮ್ಮ ಶಾಲೆಯ ಮಕ್ಕಳಿಗೆ ಆ ಹುಡುಗನ ಕತೆ ಹೇಳಿ.

ಟಿಕೆಟ್ 200 ರೂಪಾಯಿ ಅಂತ ಸರ್ಕಾರ ಹೇಳಿತ್ತಲ್ಲ, ಏನಾಯಿತು?
ಗೃಹಿಣಿ, ದಾವಣಗೆರೆ

2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ತೆರಿಗೆ ಬಿಟ್ಟು 200ಕ್ಕಿಂತ ಜಾಸ್ತಿ ತಗೋಬಾರದು ಅಂತ. 75 ಸೀಟು ಅಥವಾ ಅದಕ್ಕಿಂತ ಕಡಿಮೆ ಇರುವ ದುಬಾರಿ ಪರದೆಗಳಿಗೆ ವಿನಾಯಿತಿ ಇತ್ತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟ್‌ಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಸಿಕ್ಕಿತು. ದಸರಾ ರಜೆಯಲ್ಲಿ ನಾವು ಮನೆಯ ನಾಲ್ಕು ಜನ ಒಂದು ಮಲ್ಟಿಪ್ಲೆಕ್ಸ್‌ಗೆ ಹೋಗಿ ಬಂದಾಗ ಟಿಕೆಟ್ಟು, ನೀರು, ಒಂದು ಪಾಪ್‌ಕಾರ್ನ್ ಸೇರಿ ಎರಡು ಸಾವಿರ ದಾಟಿತ್ತು. ಇದು ಒಂದು ಮನೆಯ ಹದಿನೈದು ದಿನದ ತರಕಾರಿ ದುಡ್ಡು. 100 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ ಆಯಿತು, ಆದರೆ ಅಷ್ಟು ಕಮ್ಮಿ ಟಿಕೆಟ್ ಇರೋದು ಹಳೆಯ ಒಂಟಿ ಪರದೆ ಥಿಯೇಟರ್‌ಗಳಲ್ಲಿ. ಅವು ಒಂದೊಂದಾಗಿ ಹೋಗ್ತಿವೆ. ಬೆಂಗಳೂರಿನ ಕಾವೇರಿ 1974ರಲ್ಲಿ ಶುರುವಾಗಿ ಐವತ್ತು ವರ್ಷ ನಡೆದು 2024ರಲ್ಲಿ ಮುಚ್ಚಿತು. ನಿಮ್ಮ ಊರಲ್ಲಿ ಹಳೆಯ ಥಿಯೇಟರ್ ಇನ್ನೂ ನಡೆಯುತ್ತಿದ್ದರೆ ಅಲ್ಲಿಗೇ ಹೋಗಿ ಅಮ್ಮ.

ನಮ್ಮ ತಂದೆಗೆ 74. ಸಿನಿಮಾ ಅಂದರೆ ಪ್ರಾಣ. ಈಗ ಕಿವಿ ಸರಿಯಾಗಿ ಕೇಳಿಸಲ್ಲ, ಮ್ಯೂಸಿಕ್ ಮಧ್ಯೆ ಮಾತೇ ಗೊತ್ತಾಗಲ್ಲ ಅಂತಾರೆ. ಏನು ಮಾಡೋಣ?
ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಅಪ್ಪನ ಕಿವಿಯದ್ದು ಮಾತ್ರ ತಪ್ಪಲ್ಲ. ಈಗಿನ ದೊಡ್ಡ ಸಿನಿಮಾಗಳಲ್ಲಿ ನನಗೂ ಎಷ್ಟೋ ಮಾತು ಕೇಳಿಸೋದಿಲ್ಲ. ಹೀರೊ ಬಾಯಿ ತೆಗೆದ ಕೂಡಲೇ ಡ್ರಮ್ಸ್ ಶುರು. ಇನ್ನೊಂದು ವಿಷಯ, ನಾನು ನೋಡಿದ ಹೆಚ್ಚಿನ ಕನ್ನಡ ಸಿನಿಮಾಗಳಲ್ಲಿ ಕೆಳಗೆ ಬರೋದು ಇಂಗ್ಲಿಷ್ ಸಾಲು. ಕನ್ನಡದಲ್ಲೇ ಸಾಲು ಹಾಕಿದರೆ ನಿಮ್ಮ ತಂದೆಯಂಥವರು ಆರಾಮಾಗಿ ನೋಡಬಹುದು, ಅಲ್ವಾ? ಕಿವಿ ಕೇಳದವರಿಗೂ ಕಣ್ಣು ಕಾಣದವರಿಗೂ ಥಿಯೇಟರಿನಲ್ಲಿ ಅನುಕೂಲ ಇರಬೇಕು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಟಿಕೆಟ್ ಕೌಂಟರಿನಲ್ಲಿ ಅದನ್ನು ಕೇಳಿ. ಇಲ್ಲ ಅಂದರೂ ಕೇಳಿ.

ಸದ್ಯಕ್ಕೆ ಅವರನ್ನು ‘ಶಾಖಾಹಾರಿ’ ನೋಡಲು ಕೂರಿಸಿ. ರಂಗಾಯಣ ರಘು ಅದರಲ್ಲಿ ಮಲೆನಾಡಿನ ಸಣ್ಣ ಹೋಟೆಲಿನ ಸುಬ್ಬಣ್ಣ. ಅವರು ಮಾತಾಡೋದು ಕಡಿಮೆ, ಅರ್ಧ ಕತೆಯನ್ನು ಮುಖವೇ ಹೇಳುತ್ತದೆ. ನಿಮ್ಮ ಕಡೆಯದ್ದೇ ಮಳೆ, ನಿಮ್ಮ ಕಡೆಯದ್ದೇ ಹೋಟೆಲು. ನೋಡಿ ಅಪ್ಪ ಏನಂದರು ಅಂತ ನನಗೆ ಬರೆಯಿರಿ.