ಸ್ಕ್ಯಾನ್ ಬೆಳ್ಳಗಿದೆ ಅಂತ ಪ್ರೆಶರ್ ಏರಿಸಲಾಗದು

ಪ್ರಶ್ನೆ: ನ್ಯುಮೋನಿಯಾ ಜಾಸ್ತಿಯಾಗಿ ತಂದೆ ವೆಂಟಿಲೇಟರ್‌ನಲ್ಲಿದ್ದಾರೆ. ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಬೆಳ್ಳಗಿದೆ. ಪ್ರೆಶರ್ ಏರಿಸಿದರೆ ಮುಚ್ಚಿದ ಭಾಗ ತೆರೆಯುವುದಿಲ್ಲವೇ? ಡಾಕ್ಟರು ಒಪ್ಪುತ್ತಿಲ್ಲ.

ಒಪ್ಪದಿರುವುದೇ ಸರಿ. ಐಸಿಯು ಬಾಗಿಲಲ್ಲಿ ನಾನು ಪದೇಪದೇ ಕೇಳುವ ಪ್ರಶ್ನೆ ಇದು. ಎಲ್ಲರೂ ಸ್ಕ್ಯಾನ್‌ನ ಬಿಳಿ ಭಾಗವನ್ನೇ ತೋರಿಸುತ್ತಾರೆ. ನೀವು ಕಪ್ಪು ಭಾಗ ನೋಡಿ. ಉಸಿರಾಡುತ್ತಿರುವುದು ಅದೊಂದೇ. ಅಂಗಾತ ಮಲಗಿದವರಲ್ಲಿ ಅದು ಹೆಚ್ಚಾಗಿ ಎದೆಯ ಮುಂಭಾಗದಲ್ಲಿ ಉಳಿದಿರುತ್ತದೆ. ಗಾಳಿ ಸಲೀಸಾಗಿ ಹೋಗುವುದೂ ಅಲ್ಲಿಗೇ. ಸುಮ್ನೆ ಪ್ರೆಶರ್ ಏರಿಸಿದರೆ ಚೆನ್ನಾಗಿದ್ದ ಭಾಗವೇ ಹಿಗ್ಗಿ ಹಾಳಾಗುತ್ತದೆ.

ಇಟಲಿಯ ವೈದ್ಯ ಗಟ್ಟಿನೋನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಸಿಟಿಯಲ್ಲಿ ಕಂಡದ್ದು ಇದನ್ನೇ. ಕೆಲಸ ಮಾಡುವ ಶ್ವಾಸಕೋಶ ಮಗುವಿನದರಷ್ಟೇ ಉಳಿದಿರುತ್ತದೆ. ಅದಕ್ಕೇ ವೆಂಟಿಲೇಟರ್‌ನಿಂದ ಗಾಳಿ ಕಡಿಮೆ ಕೊಡುತ್ತೇವೆ. 170 ಸೆಂಟಿಮೀಟರ್ ಎತ್ತರದ ಗಂಡಸಿಗೆ ಒಂದು ಉಸಿರಿಗೆ ಸುಮಾರು 400 ಮಿಲಿ. ಲೆಕ್ಕ ಎತ್ತರದ್ದು, ಹೊಟ್ಟೆಯದ್ದಲ್ಲ. ಗಾಳಿಯನ್ನು ಹೀಗೆ ಅರ್ಧಕ್ಕಿಳಿಸಿದ ಅಮೆರಿಕದ ಅಧ್ಯಯನದಲ್ಲಿ ಸಾವು ನೂರಕ್ಕೆ 40ರಿಂದ 31ಕ್ಕೆ ಇಳಿಯಿತು. ಅದು ಬಂದದ್ದು 2000ದಲ್ಲಿ. ಇನ್ನೂ ವಾದ ಯಾಕೆ?

ಹಾಗಂತ ಸ್ಕ್ಯಾನ್ ದಂಡವಲ್ಲ. ಬಿಳುಪು ಬೆನ್ನಿನ ಕಡೆಗಷ್ಟೇ ಇದ್ದರೆ ನಾನು ಪೀಪ್ (ಉಸಿರು ಹೊರಬಿಟ್ಟ ಮೇಲೂ ಶ್ವಾಸಕೋಶ ಮುಚ್ಚದಂತೆ ಯಂತ್ರ ಉಳಿಸುವ ಒತ್ತಡ) ಏರಿಸುವುದಕ್ಕಿಂತ ಬೋರಲು ಮಲಗಿಸುವುದನ್ನು ನಂಬುತ್ತೇನೆ. ಎಲ್ಲೆಡೆ ಹರಡಿದ್ದರೆ ಪೀಪ್ ಸ್ವಲ್ಪ ಏರಿಸಿ ನೋಡಬಹುದು. ಆದರೆ 2019ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ಎಚ್ಚರಿಸಿತು. ಹೀಗೆ ಚಿತ್ರ ನೋಡಿ ವೆಂಟಿಲೇಟರ್ ಹೊಂದಿಸಿದರೂ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಐವರಲ್ಲಿ ಒಬ್ಬರ ಚಿತ್ರವನ್ನು ತಪ್ಪಾಗಿ ಓದಲಾಗಿತ್ತು, ತಪ್ಪು ಸೆಟ್ಟಿಂಗ್ ಸಿಕ್ಕವರಲ್ಲಿ ಸಾವು ಜಾಸ್ತಿ ಇತ್ತು.

ಆದ್ದರಿಂದ ಚಿತ್ರವೊಂದನ್ನೇ ನಾನು ನಂಬುವುದಿಲ್ಲ. ಪೀಪ್ ಎರಡು ಅಂಕ ಏರಿಸಿದ ಮೇಲೆ ಉಸಿರು ತಡೆಹಿಡಿಯುವ ಬಟನ್ ಒತ್ತಿ ಪರದೆ ನೋಡುತ್ತೇನೆ. ಶ್ವಾಸಕೋಶದೊಳಗಿನ ಒತ್ತಡ 30 ದಾಟಿತೋ, ಬಿಪಿ ಕುಸಿಯಿತೋ, ಹಿಂದಕ್ಕೆ ಇಳಿಸುತ್ತೇನೆ. ಇನ್ನೊಂದು ವಿಷಯ. ರೋಗಿಯನ್ನು ಸಿಟಿ ಕೋಣೆಗೆ ಒಯ್ಯುವಾಗ ಯಂತ್ರ ಬದಲಿಸಬೇಕು. ಟ್ಯೂಬಿಗೆ ಕ್ಲ್ಯಾಂಪ್ ಹಾಕದೆ ಕಳಚಿದರೆ ಕಷ್ಟಪಟ್ಟು ತೆರೆದದ್ದೆಲ್ಲ ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ. ದಿನಾ ಸ್ಕ್ಯಾನ್ ಮಾಡಿಸಿ ಅನ್ನುವವರು ಇದನ್ನು ಯೋಚಿಸಬೇಕು, ಅಲ್ವಾ?

ಪ್ರಶ್ನೆ: ಹಾಗಾದರೆ ಹಾಸಿಗೆ ಪಕ್ಕದಲ್ಲೇ ಅಲ್ಟ್ರಾಸೌಂಡ್ ಸಾಕಲ್ಲವೇ?

ಮುಚ್ಚಿದ್ದು ತೆರೆಯಿತೇ ಅಂತ ತೋರಿಸುತ್ತದೆ. ಅತಿಯಾಗಿ ಹಿಗ್ಗಿದ್ದನ್ನು ತೋರಿಸುವುದಿಲ್ಲ.

ಪ್ರಶ್ನೆ: ಸಿಟಿ ಸ್ಕೋರ್ 25ಕ್ಕೆ 20 ಇದೆ. ಪೀಪ್ ಎಷ್ಟಿಡಬೇಕು?

ಆ ಸ್ಕೋರ್ ರೋಗ ಎಷ್ಟು ಹರಡಿದೆ ಅಂತಷ್ಟೇ ಹೇಳುತ್ತದೆ. ಅದನ್ನು ನೋಡಿ ಪೀಪ್ ಇಡುವುದಿಲ್ಲ.

ಪ್ರಶ್ನೆ: ಪರಿಚಯದ ವೈದ್ಯರೊಬ್ಬರು ಕಷಾಯ ಕೊಟ್ಟಿದ್ದಾರೆ. ಮೂಗಿನ ನಳಿಕೆಯಲ್ಲಿ ಬಿಡಬಹುದೇ?

ಬೇಡವೇ ಬೇಡ. ನರ್ಸ್ ಕಣ್ಣುತಪ್ಪಿಸಿ ಬಿಡುವವರಿದ್ದಾರೆ, ಅದು ಶ್ವಾಸಕೋಶಕ್ಕೆ ಇಳಿದರೆ ಯಾವ ಸೆಟ್ಟಿಂಗೂ ಉಳಿಸದು. ರೋಗಿಯನ್ನು ನೋಡದೆ ಔಷಧಿ ಕೊಟ್ಟವರನ್ನು ವೈದ್ಯರು ಅಂತ ಕರೆಯಬೇಡಿ.