ಡಾಕ್ಟ್ರೇ, ಟಿಬಿಗೂ ಇನ್‌ಹೇಲರ್ ಇಲ್ವಾ?

ಓದುಗರ ಪ್ರಶ್ನೆಗಳಿಗೆ ಎದೆರೋಗ ವೈದ್ಯೆಯ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ ಶ್ವಾಸಕೋಶದ ಟಿಬಿ. ಮಾತ್ರೆ ಶುರುವಾಗಿ ಮೂರು ತಿಂಗಳಾಯಿತು. ಕೆಮ್ಮು ನಿಂತಿದೆ, ತೂಕವೂ ಏರಿದೆ. ಆದರೆ ಮಾತ್ರೆ ಕಂಡರೇ ಅವರಿಗೆ ವಾಕರಿಕೆ, ‘ಇನ್ನು ಸಾಕು’ ಅನ್ನುತ್ತಾರೆ. ಶ್ವಾಸಕೋಶದ ರೋಗನಿರೋಧಕ ಕಣಗಳಿಗೇ ನೇರವಾಗಿ ಮದ್ದು ಮುಟ್ಟಿಸುವ ಹೊಸ ಚಿಕಿತ್ಸೆ ಇದೆ ಎಂದು ಮಗ ಮೊಬೈಲಿನಲ್ಲಿ ಓದಿ ಹೇಳಿದ. ನನ್ನ ತಂಗಿಗೆ ಆಸ್ತಮಾ. ಅವಳು ಎರಡು ಸಲ ಪಂಪು ಎಳೆದುಕೊಂಡರೆ ಆಯಿತು. ಟಿಬಿಗೂ ಅಂಥದ್ದು ಇಲ್ವಾ? ಬೆಂಗಳೂರಿನಲ್ಲಿ ಸಿಗುವುದಾದರೆ ಸಾಲ ಮಾಡಿಯಾದರೂ ಕೊಡಿಸುತ್ತೇನೆ.
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಸಾಲ ಮಾಡಬೇಡಿ ತಾಯಿ. ಅದು ಯಾವ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ. ಯಾರಾದರೂ ‘ನಮ್ಮಲ್ಲಿದೆ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಹಾಗಂತ ಮಗ ಓದಿದ್ದು ಸುಳ್ಳಲ್ಲ. ಪ್ರಯೋಗಾಲಯಗಳಲ್ಲಿ ಈ ಕೆಲಸ ಜೋರಾಗಿಯೇ ನಡೆದಿದೆ.

ಟಿಬಿ ಕ್ರಿಮಿ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ಗಾಳಿಚೀಲ ಸೇರುತ್ತದೆ. ಅಲ್ಲಿ ಕಾವಲಿಗೆ ಮ್ಯಾಕ್ರೋಫೇಜ್ ಎಂಬ ಕಣಗಳಿರುತ್ತವೆ. ಧೂಳು, ಮಸಿ, ಕ್ರಿಮಿ, ಏನೇ ಬಂದರೂ ನುಂಗುವುದು ಅವುಗಳ ಕೆಲಸ. (ಬೀಡಿ ಸೇದುವವರ ಮ್ಯಾಕ್ರೋಫೇಜ್ ನೋಡಬೇಕು, ಹೊಟ್ಟೆತುಂಬ ಕಂದು ಮಸಿ.) ನುಂಗಿದ ಕ್ರಿಮಿಯನ್ನು ಒಂದು ಚೀಲದಲ್ಲಿ ಕೂಡಿಹಾಕಿ, ಅದಕ್ಕೆ ಆಮ್ಲ ಮತ್ತು ಅರಗಿಸುವ ರಸ ಬಿಟ್ಟು ಕೊಲ್ಲುತ್ತವೆ. ಬೇರೆ ಕ್ರಿಮಿಗಳು ಅಲ್ಲಿಗೇ ಮುಗಿಯುತ್ತವೆ. ಟಿಬಿ ಕ್ರಿಮಿ ಹಾಗಲ್ಲ. ರಸ ತುಂಬಿದ ಚೀಲ ತಾನಿರುವ ಚೀಲಕ್ಕೆ ಬಂದು ಸೇರದಂತೆ ಅದು ತಡೆದುಬಿಡುತ್ತದೆ. ಆಮೇಲೆ ಅಲ್ಲೇ ಉಂಡು, ಅಲ್ಲೇ ಮರಿ ಹಾಕುತ್ತದೆ. ಕಳ್ಳ ಪೊಲೀಸ್ ಠಾಣೆಯಲ್ಲೇ ಬಾಡಿಗೆಗಿದ್ದ ಹಾಗೆ.

ನಾನು ಸರ್ಕಾರಿ ಕೆಲಸದಲ್ಲಿದ್ದಾಗ ನಮ್ಮ ಲ್ಯಾಬ್ ಟೆಕ್ನಿಷಿಯನ್ ಒಳ್ಳೆಯ ಸ್ಲೈಡ್ ಸಿಕ್ಕರೆ ಕರೆದು ತೋರಿಸುತ್ತಿದ್ದರು. ನೀಲಿ ಹಿನ್ನೆಲೆ, ಅದರ ಮೇಲೆ ಸ್ವಲ್ಪ ಬಾಗಿದ ತೆಳ್ಳನೆಯ ಕೆಂಪು ಕಡ್ಡಿಗಳು. ಕೆಲವು ಒಂಟಿ, ಕೆಲವು ಒಟ್ಟಿಗೆ ಅಂಟಿಕೊಂಡ ಕಟ್ಟು. ಕಡ್ಡಿಯ ಉದ್ದ ಎರಡರಿಂದ ನಾಲ್ಕು ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದು ಒಂದರಿಂದ ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಭೇದಿ ತರುವ ಕ್ರಿಮಿಗಳು ಇಪ್ಪತ್ತು ನಿಮಿಷದಲ್ಲಿ ಮಾಡುವ ಕೆಲಸ ಅದು. ಸೋಮಾರಿ ಕ್ರಿಮಿ, ಆದರೆ ಅದನ್ನು ಕೊಲ್ಲುವುದು ಕಷ್ಟವಾಗಲು ಆ ಸೋಮಾರಿತನವೂ ಒಂದು ಕಾರಣ.

ಈಗ ನಿಮ್ಮವರು ನುಂಗುವ ಮಾತ್ರೆ ಹೊಟ್ಟೆಯಲ್ಲಿ ಕರಗಿ, ಲಿವರ್ ದಾಟಿ, ರಕ್ತ ಸೇರಿ, ಇಡೀ ಮೈ ಸುತ್ತಿ ಆಮೇಲೆ ಆ ಕಣದೊಳಗೆ ಹೋಗಬೇಕು. ಬೇಕಾದ ಕಡೆ ಸೇರುವುದು ಸ್ವಲ್ಪ. ಉಳಿದದ್ದು ಬೇಡದ ಕಡೆ ತೊಂದರೆ ಕೊಡುತ್ತದೆ. ಹಾಗಾದರೆ ಮದ್ದನ್ನೇ ನುಣ್ಣನೆಯ ಪುಡಿ ಮಾಡಿ ಉಸಿರಲ್ಲಿ ಎಳೆಸಿದರೆ? ಬಂದದ್ದನ್ನೆಲ್ಲ ನುಂಗುವ ಚಟ ಮ್ಯಾಕ್ರೋಫೇಜ್‌ಗೆ ಇದ್ದೇ ಇದೆಯಲ್ಲ. ಆ ಪುಡಿಯನ್ನೂ ನುಂಗುತ್ತದೆ, ಮದ್ದು ಕ್ರಿಮಿಯ ಮನೆಯೊಳಗೇ ಇಳಿಯುತ್ತದೆ. ಯೋಚನೆ ಇಷ್ಟೇ. ಪುಡಿಯ ಕಣ ಒಂದರಿಂದ ಐದು ಮೈಕ್ರಾನ್ ಇರಬೇಕು. ಅದಕ್ಕಿಂತ ದಪ್ಪಗಿದ್ದರೆ ಗಂಟಲಲ್ಲೇ ಅಂಟುತ್ತದೆ, ತೀರಾ ಸಣ್ಣದಾದರೆ ಉಸಿರಿನ ಜೊತೆ ಹೊರಗೆ ಬರುತ್ತದೆ. ಕೆಲವರು ಆ ಪುಡಿಯ ಕಣದ ಮೇಲೆ ಮ್ಯಾನೋಸ್ ಎಂಬ ಸಕ್ಕರೆ ಲೇಪಿಸುತ್ತಾರೆ. ಆ ಸಕ್ಕರೆಯನ್ನು ಹಿಡಿದುಕೊಳ್ಳುವ ಕೊಂಡಿ ಮ್ಯಾಕ್ರೋಫೇಜ್ ಮೈಮೇಲಿದೆ. ಲಖನೌದ ಸೆಂಟ್ರಲ್ ಡ್ರಗ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಐಸೋನಿಯಾಜಿಡ್ ಮತ್ತು ರಿಫಾಬ್ಯುಟಿನ್ ಎಂಬ ಟಿಬಿ ಮದ್ದು ಸೇರಿಸಿ ಇಂಥ ಪುಡಿ ಮಾಡಿ ಪ್ರಾಣಿಗಳ ಮೇಲೆ ನೋಡಿದ್ದಾರೆ.

ಮತ್ತೆ ಯಾಕೆ ಬಂದಿಲ್ಲ? ತಂಗಿಯ ಪಂಪನ್ನೇ ತೆಗೆದುಕೊಳ್ಳಿ. ಒಂದು ಸಲ ಒತ್ತಿದರೆ ಬರುವ ಸಾಲ್ಬುಟಮಾಲ್ 100 ಮೈಕ್ರೋಗ್ರಾಂ. ನಿಮ್ಮವರು ದಿನಕ್ಕೆ ನುಂಗುವ ರಿಫಾಂಪಿಸಿನ್ ಒಂದೇ ಸುಮಾರು 450ರಿಂದ 600 ಮಿಲಿಗ್ರಾಂ. ನಾಲ್ಕೂವರೆಯಿಂದ ಆರು ಸಾವಿರ ಪಟ್ಟು! ನೇರವಾಗಿ ಕೊಟ್ಟರೆ ಅಷ್ಟು ಬೇಡ, ನಿಜ. ಆದರೂ ಕೆಮ್ಮುವ ಎದೆಗೆ ಹತ್ತಾರು ಮಿಲಿಗ್ರಾಂ ಪುಡಿ ಎಳೆಸುವುದು ಸುಲಭವಲ್ಲ. ಇನ್ನೊಂದು ತೊಡಕು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರೋಗ ಜಾಸ್ತಿ ಇರುವ ಜಾಗ ಮುಚ್ಚಿಹೋಗಿರುತ್ತದೆ, ಅಲ್ಲಿಗೆ ಗಾಳಿಯೇ ಆಡುವುದಿಲ್ಲ. ಗಾಳಿ ಹೋಗದ ಕಡೆ ಪುಡಿ ಎಲ್ಲಿ ಹೋದೀತು? ಟಿಬಿ ದುಗ್ಧಗ್ರಂಥಿಗೆ (ಕತ್ತಿನಲ್ಲಿ ಊದುವ ಗಂಟು), ಬೆನ್ನುಮೂಳೆಗೆ, ಮೆದುಳಿಗೂ ಬರುತ್ತದೆ, ಅಲ್ಲಿಗೆ ಪಂಪು ಮುಟ್ಟುವುದೇ ಇಲ್ಲ. ಹಾಗಾಗಿ ಮುಂದೆ ಬಂದರೂ ಮಾತ್ರೆಯ ಜೊತೆಗೇ ಬರಬಹುದು ಎಂದು ನನ್ನ ಲೆಕ್ಕ.

ದಾರಿ ಪೂರ್ತಿ ಮುಚ್ಚಿಲ್ಲ. ಟಿಬಿಯ ದಾಯಾದಿ ಕ್ರಿಮಿಗಳಿಂದ ಬರುವ ಒಂದು ಹಟಮಾರಿ ಶ್ವಾಸಕೋಶ ರೋಗಕ್ಕೆ ಅಮೆರಿಕದಲ್ಲಿ 2018ರಲ್ಲಿ ಉಸಿರಲ್ಲಿ ಎಳೆಯುವ ಅಮಿಕಾಸಿನ್‌ಗೆ ಒಪ್ಪಿಗೆ ಸಿಕ್ಕಿತು. ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಮದ್ದು ತುಂಬಿರುತ್ತದೆ, ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ.

ನೀವು ಬೆಂಗಳೂರು ಅಂದಿರಲ್ಲ, ಅಲ್ಲಿನ ಕೆಲಸ ಬೇರೆ ತರಹದ್ದು. ಭಾರತೀಯ ವಿಜ್ಞಾನ ಸಂಸ್ಥೆಯ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ, ಅಲ್ಲಿಯ ಅಮಿತ್ ಸಿಂಗ್ ಮತ್ತು ಜೊತೆಗಾರರು 2019ರಲ್ಲಿ ಒಂದು ವಿಷಯ ತೋರಿಸಿದರು. ಮ್ಯಾಕ್ರೋಫೇಜ್ ಒಳಗಿನ ಅಲ್ಪಸ್ವಲ್ಪ ಹುಳಿಯೇ (ಆಮ್ಲ) ಕೆಲವು ಕ್ರಿಮಿಗಳನ್ನು ಮದ್ದಿಗೆ ಬಗ್ಗದ ಹಾಗೆ ಮಾಡುತ್ತದಂತೆ. ಮಲೇರಿಯಾದ ಹಳೆಯ ಕ್ಲೋರೋಕ್ವಿನ್ ಕೊಟ್ಟು ಹುಳಿ ಇಳಿಸಿದಾಗ ಇಲಿ, ಗಿನಿಪಿಗ್‌ಗಳಲ್ಲಿ ಟಿಬಿ ಮದ್ದು ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಆದರೆ ನಿಮ್ಮವರು ಮೊದಲೆರಡು ತಿಂಗಳು ನುಂಗಿದ ಪೈರಜಿನಮೈಡ್ ಇದೆಯಲ್ಲ, ಅದಕ್ಕೆ ಹುಳಿ ಇದ್ದರೇ ಬಲ! ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಡ. ಆದ್ದರಿಂದ ದಯವಿಟ್ಟು ಯಾರೂ ಕ್ಲೋರೋಕ್ವಿನ್ ಕೊಂಡು ನುಂಗಬೇಡಿ.

‘ಇನ್ನು ಸಾಕು’ ಎನ್ನುವ ಯಜಮಾನರಿಗೆ ಇದನ್ನು ಓದಿ ಹೇಳಿ. ಬೇರೆ ಮದ್ದು ಸೇರಿಸಿ ನಾಲ್ಕೇ ತಿಂಗಳಲ್ಲಿ ಮುಗಿಸಲು ನೋಡಿದ ದೊಡ್ಡ ಪರೀಕ್ಷೆಗಳ ಫಲಿತಾಂಶ 2014ರಲ್ಲಿ ಬಂತು. ಕಫ ಬೇಗ ಶುದ್ಧವಾಯಿತು, ಆದರೆ ರೋಗ ಮರಳಿದ್ದು ಆರು ತಿಂಗಳು ನುಂಗಿದವರಿಗಿಂತ ಜಾಸ್ತಿ ಜನರಲ್ಲಿ. ಕಫದಲ್ಲಿ ಕ್ರಿಮಿ ಇಲ್ಲ ಅಂದರೆ ಕಣಗಳೊಳಗೆ ಇಲ್ಲ ಅಂತಲ್ಲ. ಮೂತ್ರ ಕಿತ್ತಳೆ ಬಣ್ಣ ಬಂದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾಗಿ, ಊಟ ಸೇರದೆ, ವಾಂತಿ ನಿಲ್ಲದಿದ್ದರೆ ಮಾತ್ರ ಅದೇ ದಿನ ಡಾಕ್ಟರ ಹತ್ತಿರ ಹೋಗಿ ಲಿವರ್ ಪರೀಕ್ಷೆ ಮಾಡಿಸಿ. ಬರೀ ವಾಕರಿಕೆಯಾದರೂ ಹೇಳಿ, ಅದಕ್ಕೂ ಮದ್ದಿದೆ.

ಪ್ರಶ್ನೆ: ಮಗಳಿಗೆ ಟಿಬಿ ಚಿಕಿತ್ಸೆ ನಡೆಯುತ್ತಿದೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಅಂತ ಒಬ್ಬರು ದುಬಾರಿ ಬೆಲೆಗೆ ಕೊಟ್ಟಿದ್ದಾರೆ. ಹಾಲಿಗೆ ಹಾಕಿ ಕೊಡಬಹುದೇ?
— ಓರ್ವ ತಂದೆ, ಶಿರಸಿ

ಉತ್ತರ: ಕೊಡಬೇಡಿ. ಈ ‘ಶಕ್ತಿ ಹೆಚ್ಚಿಸುವ’ ಮಾತು ಕೇಳಿದರೆ ನನಗೆ ರೇಗುತ್ತದೆ. ಯಾವ ಕಣದ ಶಕ್ತಿ, ಸ್ವಾಮಿ? 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ನೋಡಿದಂತೆ, ಗಾಳಿಚೀಲದ ಮ್ಯಾಕ್ರೋಫೇಜ್‌ಗಳು ಕ್ರಿಮಿಗೆ ಊಟ ಹಾಕಿ ಸಾಕುತ್ತವೆ. ರಕ್ತದಿಂದ ಬಂದು ಶ್ವಾಸಕೋಶದ ಒಳಪದರಕ್ಕೆ ಸೇರುವ ಮ್ಯಾಕ್ರೋಫೇಜ್‌ಗಳು ಅದನ್ನು ಬೆಳೆಯಲು ಬಿಡುವುದಿಲ್ಲ. ಪುಡಿಗೆ ಈ ವ್ಯತ್ಯಾಸ ಗೊತ್ತೇ?

ಶಕ್ತಿ ಕುಗ್ಗಿದರೆ ಕೆಟ್ಟದ್ದು, ಸರಿ. ಕೀಲುವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮಾಬ್‌ನಂಥ ಮದ್ದುಗಳಿಂದ ಮಲಗಿದ್ದ ಟಿಬಿ ಎದ್ದದ್ದು 2001ರಲ್ಲೇ ವರದಿಯಾಗಿದೆ. ಒಮ್ಮೆಲೇ ಹೆಚ್ಚಿದರೂ ಕೆಟ್ಟದ್ದು. ಎಚ್‌ಐವಿ ಇರುವವರಿಗೆ ಚಿಕಿತ್ಸೆ ಶುರುವಾಗಿ ಬಲ ಮರಳುವಾಗ ಒಮ್ಮೊಮ್ಮೆ ಟಿಬಿ ಉರಿದೇಳುತ್ತದೆ. ಜ್ವರ ಏರುತ್ತದೆ, ಗಂಟು ಊದುತ್ತದೆ. ಶ್ವಾಸಕೋಶದಲ್ಲಿ ಗುಳಿ ಬೀಳುವುದರಲ್ಲೂ ನಮ್ಮದೇ ಕಣಗಳ ಕೈವಾಡ ದೊಡ್ಡದು. ಮೆದುಳಿನ ಟಿಬಿಯಲ್ಲಂತೂ ನಾವೇ ಸ್ಟೀರಾಯ್ಡ್ ಕೊಟ್ಟು ಆ ಶಕ್ತಿಯನ್ನು ತಗ್ಗಿಸುತ್ತೇವೆ. ಅದರಿಂದ ಜೀವ ಉಳಿಯುತ್ತದೆ ಎಂದು ವಿಯೆಟ್ನಾಂನ ಪರೀಕ್ಷೆಯೊಂದು 2004ರಲ್ಲಿ ತೋರಿಸಿತು.

ಪುಡಿಯ ದುಡ್ಡಿಗೆ ಬೇಳೆ, ಮೊಟ್ಟೆ, ಎಣ್ಣೆ ತನ್ನಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ರೋಗಿಗಳ ಮನೆಗೆ ತಿಂಗಳಿಗೊಮ್ಮೆ ದಿನಸಿ ಕೊಟ್ಟು ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದಿನಸಿ ಪಡೆದ ಮನೆಗಳ ಉಳಿದವರಲ್ಲಿ ಹೊಸದಾಗಿ ಟಿಬಿ ಬಂದದ್ದು ಸುಮಾರು ಶೇ 40ರಷ್ಟು ಕಡಿಮೆ. ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ ಪೋಷಣ ಯೋಜನೆಯ ಹಣ ಮಗಳಿಗೆ ಬರುತ್ತಿದೆಯೇ? 2024ರ ನವೆಂಬರಿನಿಂದ ಅದು ತಿಂಗಳಿಗೆ 1000 ರೂಪಾಯಿ. ಬಂದಿರದಿದ್ದರೆ ಬ್ಯಾಂಕ್ ಪಾಸ್‌ಬುಕ್ ಹಿಡಿದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತೇನೆ. ಅದು ಟಿಬಿಗೂ ಒಳ್ಳೆಯದಂತೆ, ಹೌದೇ? ನನಗೆ ಹೋದ ವಾರ ಟಿಬಿ ಗೊತ್ತಾಗಿದೆ.
— ನಿವೃತ್ತ ಶಿಕ್ಷಕ, ತಿಪಟೂರು

ಉತ್ತರ: ಮ್ಯಾಕ್ರೋಫೇಜ್‌ಗಳನ್ನು ಚುರುಕು ಮಾಡುತ್ತದೆ ಎಂಬ ಆಸೆ ಇತ್ತು ಮೇಷ್ಟ್ರೇ. ನಮ್ಮ ದೇಶದಲ್ಲೇ ಸಕ್ಕರೆ ಕಾಯಿಲೆ ಇಲ್ಲದ ಟಿಬಿ ರೋಗಿಗಳಿಗೆ ಕೊಟ್ಟು ನೋಡಿದರು. ಉರಿಯೂತ ಇಳಿಯಿತು, ಕಫ ಮಾತ್ರ ಬೇಗ ಶುದ್ಧವಾಗಲಿಲ್ಲ. ನೀವು ಸಕ್ಕರೆಗೆಂದು ನುಂಗುವುದನ್ನು ನುಂಗುತ್ತಿರಿ. ಜೊತೆಗೆ ಗ್ಲಿಮಿಪಿರೈಡ್‌ನಂಥ ಮಾತ್ರೆಯೂ ಇದ್ದರೆ ರಿಫಾಂಪಿಸಿನ್ ಅದರ ಬಲ ಕುಗ್ಗಿಸುತ್ತದೆ, ಸಕ್ಕರೆ ಏರಬಹುದು. ಈ ವಾರವೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.